ಸುಣ್ಣಬಾಕ

ಹಿರೇಬಾವಿ ನಗರದ ನೀರು ಎಷ್ಟು ಗಡಸೆಂದರೆ, ಆ ಊರಿಗೆ ಹೆಣ್ಣು ಕೊಡಲು ಬಂದವರು ವರನ ಮುಖ ನೋಡುವ ಮೊದಲು ಅವರ ಮನೆಯ ನಲ್ಲಿಯ ಮೂತಿ ನೋಡುತ್ತಿದ್ದರು. ಮೂತಿಯ ಸುತ್ತ ಬಿಳಿ ಗಡ್ಡ ಬೆಳೆದಿದ್ದರೆ ಹುಡುಗಿಯ ತಲೆಗೂದಲು ಆರು ತಿಂಗಳಲ್ಲಿ ಬಾಚಣಿಗೆಗೆ ಬರುವುದು ಗ್ಯಾರಂಟಿ ಎಂದು ಚಹಾ ಮುಟ್ಟದೆ ಎದ್ದು ಹೋಗುತ್ತಿದ್ದರು. ಕುಡಿದಿದ್ದರೂ ಸುಖವೇನಿರಲಿಲ್ಲ. ಆ ಊರಿನ ಚಹಾದ ಮೇಲೆ ಎಣ್ಣೆ ಚೆಲ್ಲಿದಂತೆ ಒಂದು ಪೊರೆ ತೇಲುತ್ತಿತ್ತು. ಸಾಬೂನು ನೊರೆ ಬಿಡುವ ಬದಲು ಒಡೆದ ಹಾಲಿನಂತೆ ಮೈಗೆ ಮೆತ್ತುತ್ತಿತ್ತು. ತೊಗರಿಬೇಳೆಯನ್ನು ಎಷ್ಟು ಕುದಿಸಿದರೂ ಅದು ತನ್ನ ಹುಟ್ಟುಗುಣ ಬಿಡುತ್ತಿರಲಿಲ್ಲ. ಇನ್ನು ಗೀಸರುಗಳು ವರ್ಷ ತುಂಬುವುದರೊಳಗೆ ಒಳಗಿನ ಕಾಯಿಲ್ ಮೇಲೆ ಕೈದಪ್ಪ ಸುಣ್ಣ ಕಟ್ಟಿಕೊಂಡು, ಎರಡು ದಿನ ಗೊರಗೊರ ಎಂದು ಉಸಿರೆಳೆದು, ಪ್ರಾಣ ಬಿಡುತ್ತಿದ್ದವು.

ಗೀಸರುಗಳ ಈ ಅಕಾಲಮರಣದಿಂದಲೇ ಬದುಕು ಕಟ್ಟಿಕೊಂಡವನು ಚನ್ನವೀರ ಹಾವನೂರ. ಪೇಟೆ ಬೀದಿಯ ಅವನ ‘ಹಾವನೂರ ಗೀಸರ್ ದವಾಖಾನೆ’ಗೆ ಇಪ್ಪತ್ತೆರಡು ವರ್ಷಗಳಿಂದ ರಜೆ ಎಂಬುದಿರಲಿಲ್ಲ. ಅವನ ಹೆಂಡತಿ ಕಸ್ತೂರಿ ನಗರದ ನೀರು ಮಂಡಳಿಯ ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿ ತಜ್ಞೆ. ಅಂದರೆ ಗಂಡ ಸುಣ್ಣದಿಂದ ಉಣ್ಣುತ್ತಿದ್ದ, ಹೆಂಡತಿ ಅದೇ ಸುಣ್ಣದ ಮೇಲೆ ಹಗಲೆಲ್ಲ ಯುದ್ಧ ಮಾಡುತ್ತಿದ್ದಳು. ಯುದ್ಧದಲ್ಲಿ ಹದಿನಾಲ್ಕು ವರ್ಷ ಕಸ್ತೂರಿ ಸೋಲುತ್ತಲೇ ಇದ್ದುದರಿಂದ ಸಂಸಾರ ಸುಸೂತ್ರವಾಗಿ ನಡೆದಿತ್ತು.

ಆಮೇಲೆ ಅವಳು ಗೆದ್ದಳು.

ಗೆಲುವು ಸಿಕ್ಕಿದ್ದು ಪಾಳುಬಿದ್ದ ಒಂದು ಸುಣ್ಣಕಲ್ಲಿನ ಗಣಿಯಲ್ಲಿ. ಗಣಿಯ ಹೊಂಡದ ನೀರು ಮಾತ್ರ ಅದೇಕೋ ಮಳೆನೀರಿನಷ್ಟು ಮೆತ್ತಗಿತ್ತು. ಕಸ್ತೂರಿ ಒಂದು ಬಾಟಲಿ ತುಂಬಿ ತಂದು ಸೂಕ್ಷ್ಮದರ್ಶಕದಡಿ ಇಟ್ಟಾಗ, ಬದನೆಕಾಯಿ ಆಕಾರದ ಒಂದು ಜೀವಿ ಕಂಡಿತು. ಅದು ನೀರಿನಲ್ಲಿ ಕರಗಿದ ಸುಣ್ಣವನ್ನು ಹೀರಿ ಹೊಟ್ಟೆಯೊಳಗೆ ಕಾಳುಕಾಳಾಗಿ ಪೇರಿಸಿಟ್ಟುಕೊಳ್ಳುತ್ತಿತ್ತು. ಹೊಟ್ಟೆ ತುಂಬಿ ಭಾರವಾದ ಮೇಲೆ ತಳಕ್ಕೆ ಹೋಗಿ ಮಲಗುತ್ತಿತ್ತು. ಮೂರು ವರ್ಷ ಅದನ್ನು ಸಾಕಿ, ಆಯ್ದು, ಮೊಸರಿಗೆ ಹೆಪ್ಪು ಹಾಕಿದಂತೆ ತಲೆಮಾರಿನಿಂದ ತಲೆಮಾರಿಗೆ ದಾಟಿಸಿ, ಹತ್ತು ಪಟ್ಟು ಹೊಟ್ಟೆಬಾಕನನ್ನಾಗಿ ಮಾಡಿದಳು. ಅದಕ್ಕೊಂದು ಉದ್ದನೆಯ ಶಾಸ್ತ್ರೀಯ ಹೆಸರಿತ್ತು. ಪ್ರಯೋಗಾಲಯದವರು ಸುಣ್ಣಬಾಕ ಎಂದು ಕರೆದರು, ಅದೇ ನಿಂತಿತು.

ಮಂಡಳಿ ಒಪ್ಪಿಗೆ ಕೊಟ್ಟ ದಿನ ಕಸ್ತೂರಿ ಪೇಢೆ ಹಿಡಿದುಕೊಂಡು ಮನೆಗೆ ಬಂದಳು. ಚನ್ನವೀರ ಪೇಢೆಯನ್ನು ಬಾಯಿಗೆ ಹಾಕಿಕೊಂಡು, ಸುದ್ದಿ ಕೇಳಿ, ಅಗಿಯುವುದನ್ನು ನಿಲ್ಲಿಸಿದ.

‘ಹಂಗಾರ ನನ್ನ ಅಂಗಡಿ?’

‘ಊರಿಗೆ ಊರ ಮೆತ್ತನ್ನ ನೀರು ಕುಡಿಯೂ ಹೊತ್ತಿನ್ಯಾಗ ನಿಮಗ ಅಂಗಡಿ ಚಿಂತಿ.’

‘ಆತು, ಅಂಗಡಿ ಮಾತು ಬಿಡು. ಪೈಪಿನ ಮಾತು ಕೇಳು.’ ಅವನು ಎದ್ದು ಹೋಗಿ, ಸ್ಕೂಟರಿನ ಡಿಕ್ಕಿಯಿಂದ ಮೊಳದುದ್ದದ ಹಳೆಯ ಪೈಪಿನ ತುಂಡು ತಂದು ರೊಟ್ಟಿಯ ಬುಟ್ಟಿಯ ಪಕ್ಕ ಇಟ್ಟ. ‘ನೋಡು, ಇದು ನಮ್ಮ ಓಣಿದು. ಕಬ್ಬಿಣ ಅನ್ನೂದು ಹಪ್ಪಳದಷ್ಟ ಉಳದೈತಿ. ಒಳಗ ಗಟ್ಟಿ ನಿಂತದ್ದು ಸುಣ್ಣ. ಸುಣ್ಣ ಐತಿ ಅಂತ ಪೈಪ್ ಐತಿ. ನಿನ್ನ ಹುಳಾ ಇದನ್ನ ತಿಂತಂದ್ರ?’

‘ಅದು ನೀರಾಗ ಕರಗಿದ್ದನ್ನ ಅಷ್ಟ ತಿಂತೈತಿ. ಗಟ್ಟಿದ್ದನ್ನ ಮುಟ್ಟೂದಿಲ್ಲ. ಅಲ್ಲದ ಅದು ಟ್ಯಾಂಕ್ ಬಿಟ್ಟು ಹೊರಗ ಬರೂದನ ಇಲ್ಲ. ಪಿಂಗಾಣಿ ಜರಡಿ ಹಾಕೀವಿ.’

‘ಕರಗಿದ್ದು ಮುಗದು ಹಸಿವಿ ಆತಂದ್ರ?’

ಹತ್ತನೆಯ ಇಯತ್ತೆಗೆ ಶಾಲೆ ಬಿಟ್ಟವನ ಪ್ರಶ್ನೆಗೆ ಸಂಶೋಧಕಿಯ ಮುಖ ಏನು ಹೇಳಬೇಕೋ ಅದನ್ನು ಕಸ್ತೂರಿಯ ಮುಖವೇ ಹೇಳಿತು. ಚನ್ನವೀರನಿಗೆ ಅದು ತಿಳಿಯಿತು. ಅವನ ತಾಯಿ ಗೌರವ್ವ ಮಾತ್ರ ಎಲೆ ಅಡಿಕೆ ಅಗಿಯುತ್ತ, ‘ಉಣ್ಣೂ ಜಾಗದಾಗ ಗಟಾರದ ಪೈಪ್ ಇಡಬ್ಯಾಡ್ರೋ, ಎತ್ರಿ’ ಎಂದಳು.

ಒಂದು ಸೋಮವಾರ ಬೆಳಿಗ್ಗೆ ಹಿರೇಬಾವಿಯ ನಲ್ಲಿಗಳಲ್ಲಿ ಮೆತ್ತನೆಯ ನೀರು ಬಂತು. ಲೀಟರಿಗೆ ಒಂಬೈನೂರು ಮಿಲಿಗ್ರಾಂ ಇದ್ದ ಸುಣ್ಣ ಎಂಟಕ್ಕೆ ಇಳಿದಿತ್ತು. ಊರು ಮೊದಲು ಸಂಭ್ರಮಿಸಿತು, ಆಮೇಲೆ ಗಾಬರಿಯಾಯಿತು. ಗಾಬರಿ ಶುರುವಾದದ್ದು ಬಚ್ಚಲುಮನೆಗಳಲ್ಲಿ. ಗಡಸು ನೀರಿನಲ್ಲಿ ಮಿಂದು ಬೆಳೆದ ಜನಕ್ಕೆ ತೊಳೆದ ಮೈ ಒರಟಾಗಿ ಕಿರ್ರೆನ್ನಬೇಕು. ಈಗ ಎಷ್ಟು ತಂಬಿಗೆ ಸುರಿದುಕೊಂಡರೂ ಮೈ ಜಾರುತ್ತಲೇ ಇತ್ತು. ಸಾಬೂನು ಹೋಗಿಲ್ಲವೆಂದು ಜನ ಗಂಟೆಗಟ್ಟಲೆ ಸುರಿದುಕೊಂಡರು. ಆ ದಿನ ಒಂದು ಬ್ಯಾಂಕು ಬಾಗಿಲು ತೆರೆದದ್ದು ಹನ್ನೆರಡಕ್ಕೆ, ಕಾರಣ ಕೀಲಿಕೈ ಇದ್ದ ಮ್ಯಾನೇಜರು ಇನ್ನೂ ಬಚ್ಚಲಿನಲ್ಲಿದ್ದರು. ಮಂಡಳಿಯ ಸಹಾಯವಾಣಿಗೆ ಬರುವ ಕರೆ ತಡೆಯಲಾರದೆ, ಕೊನೆಗೆ ಕಸ್ತೂರಿಯ ದನಿಯಲ್ಲೇ ಒಂದು ಪ್ರಕಟಣೆ ರೆಕಾರ್ಡ್ ಮಾಡಿ ಓಣಿ ಓಣಿಯಲ್ಲಿ ಆಟೋದಲ್ಲಿ ಸಾರಿಸಿದರು: ‘ನಾಗರಿಕರ ಗಮನಕ್ಕೆ. ಸಾಬೂನು ಹೋಗಿದೆ. ಈಗ ನಿಮ್ಮ ಕೈಗೆ ಹತ್ತುತ್ತಿರುವುದು ನಿಮ್ಮದೇ ಚರ್ಮ. ದಯವಿಟ್ಟು ಹೊರಗೆ ಬನ್ನಿ.’

ಬಟ್ಟೆ ಒಗೆಯುವ ಯಂತ್ರಗಳಿಗೆ ಹಳೆಯ ಲೆಕ್ಕದಲ್ಲಿ ಪುಡಿ ಸುರಿದ ಮನೆಗಳಲ್ಲಿ ನೊರೆ ಮೆಟ್ಟಿಲಿಳಿದು ಬೀದಿಗೆ ಬಂತು. ಬೇಳೆ ಹದಿನೈದು ನಿಮಿಷಕ್ಕೆ ಬೆಂದು ಅಂಬಲಿಯಾಯಿತು. ಆದರೂ ವಾರ ಕಳೆಯುವುದರೊಳಗೆ ಜನ ಹೊಂದಿಕೊಂಡರು. ಹೆಂಗಸರು ಸಂತೆಯಲ್ಲಿ ಕಸ್ತೂರಿಯನ್ನು ತಡೆದು ನಿಲ್ಲಿಸಿ, ತಮ್ಮ ಜಡೆಯನ್ನು ಎಳೆದೆಳೆದು ತೋರಿಸಿದರು. ಮಂಡಳಿಯ ಮುಖ್ಯ ಎಂಜಿನಿಯರ್ ಬೆಂಡಿಗೇರಿಯವರು ತಮ್ಮ ಬೋಳುತಲೆಯ ಮೇಲೂ ಏನೋ ಚಿಗುರುತ್ತಿದೆಯೆಂದು ಅವಳಿಂದ ಪರೀಕ್ಷೆ ಮಾಡಿಸಿದರು. ಚಿಗುರಿರಲಿಲ್ಲ. ಅವಳು ಸೌಜನ್ಯಕ್ಕೆ ಹೂಂ ಎಂದಳು.

ಬೇಸರಪಟ್ಟವರು ಇಬ್ಬರೇ. ಒಬ್ಬಳು ಗೌರವ್ವ. ‘ಈ ನೀರಿಗೆ ತ್ರಾಣನ ಇಲ್ಲ. ಕುಡದ್ರ ಕುಡದಂಗ ಆಗೂದಿಲ್ಲ’ ಎಂದು ತಂಬಿಗೆಯೊಳಗೆ ಇಣುಕಿ ನೋಡುತ್ತಿದ್ದಳು. ಇನ್ನೊಬ್ಬ ಚನ್ನವೀರ. ಅಂಗಡಿಗೆ ನೊಣವೂ ಬರುತ್ತಿರಲಿಲ್ಲ. ಮಧ್ಯಾಹ್ನಕ್ಕೇ ಬಾಗಿಲೆಳೆದು ಮನೆಗೆ ಬರತೊಡಗಿದ. ಸುಮ್ಮನೆ ಕೂತು ಗೊತ್ತಿಲ್ಲದ ಮನುಷ್ಯ. ಮೊದಲು ಫ್ಯಾನು ಬಿಚ್ಚಿ ಜೋಡಿಸಿದ, ಆಮೇಲೆ ಮಿಕ್ಸರ್ ಬಿಚ್ಚಿದ, ಅದನ್ನು ಜೋಡಿಸುವಾಗ ಎರಡು ಸ್ಕ್ರೂ ಉಳಿದವು. ಒಂದು ದಿನ ಕಸ್ತೂರಿ ಕೆಲಸದಿಂದ ಬಂದರೆ ಅಡುಗೆಮನೆಯ ಡಬ್ಬಿಗಳೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು. ಸಾಸಿವೆ ಹುಡುಕಲು ಅವಳಿಗೆ ಇಪ್ಪತ್ತು ನಿಮಿಷ ಬೇಕಾಯಿತು.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಗೌರವ್ವ ಪಡಸಾಲೆಯಲ್ಲಿ ನಿಂತು ಕೂಗಿದಳು:

‘ನನ್ನ ಸುಣ್ಣದ ಡಬ್ಬಿ ಯಾರು ನೆಕ್ಕೀರಿ?’

ಡಬ್ಬಿ ತೊಳೆದಿಟ್ಟಂತೆ ಖಾಲಿಯಾಗಿತ್ತು. ನಿನ್ನೆ ತಾನೇ ತುಂಬಿ, ಒಣಗದಿರಲೆಂದು ನಲ್ಲಿಯ ನೀರು ಚಿಮುಕಿಸಿ ಇಟ್ಟಿದ್ದಳಂತೆ. ಚನ್ನವೀರ ಆಣೆ ಮಾಡಿದ. ಕಸ್ತೂರಿ ಬಾಗಿಲಿಗೆ ಬಂದು ನೋಡಿದಳು. ಆಗ ತಾನೇ ನೀರು ಹೊಡೆದು ಹಾಕಿದ್ದ ಸುಣ್ಣಕಲ್ಲಿನ ಪುಡಿಯ ರಂಗೋಲಿಯಲ್ಲಿ ಚುಕ್ಕಿಗಳು ಒಂದೊಂದಾಗಿ ಕಣ್ಣು ಮುಚ್ಚುತ್ತಿದ್ದವು. ಎದುರುಮನೆಯದು ಆಗಲೇ ಅರ್ಧ ಹೋಗಿತ್ತು. ಓಣಿಯ ಹೆಂಗಸರು ಪರಸ್ಪರರ ಕೋಳಿಗಳನ್ನು ಬೈಯುತ್ತಿದ್ದರು.

ಪ್ರಯೋಗಾಲಯಕ್ಕೆ ಓಡಿದಳು. ಕಾರಣ ಹತ್ತು ನಿಮಿಷದಲ್ಲಿ ಸಿಕ್ಕಿತು. ಅದನ್ನು ನಂಬಲು ಒಂದು ಗಂಟೆ ಬೇಕಾಯಿತು. ನೀರಿನ ಸುಣ್ಣವೆಲ್ಲ ಮುಗಿದು ಸುಣ್ಣಬಾಕ ಹಸಿದಿತ್ತು. ಹಸಿದದ್ದು ಹುಳಿ ಉಗುಳಲು ಕಲಿತಿತ್ತು. ಆ ಹುಳಿಗೆ ಗಟ್ಟಿ ಸುಣ್ಣವೂ ಕರಗುತ್ತಿತ್ತು. ಪಿಂಗಾಣಿ ಜರಡಿಯ ರಂಧ್ರ ದಾಟುವುದು ಅದಕ್ಕೆ ಸಾಧ್ಯವಿರಲಿಲ್ಲ ನಿಜ, ಆದರೆ ಜರಡಿಯನ್ನು ಗೋಡೆಗೆ ಕೂರಿಸಿದ್ದು ಸಿಮೆಂಟಿನಿಂದ. ಸಿಮೆಂಟಿನಲ್ಲಿ ಸುಣ್ಣವಿರುತ್ತದೆಂಬುದು ಕಸ್ತೂರಿಗೆ ಗೊತ್ತಿಲ್ಲದ್ದೇನಲ್ಲ. ಹೊಳೆದಿರಲಿಲ್ಲ, ಅಷ್ಟೇ. ಜರಡಿಯ ಸುತ್ತ ಬೆರಳು ತೂರುವಷ್ಟು ಸಂದು ಬಿದ್ದಿತ್ತು.

ಹಸಿವಾದರೆ ಏನು ತಿನ್ನುತ್ತದೆ ಎಂದು ಕೇಳಿದವನ ಮುಖ ಅವಳಿಗೆ ನೆನಪಾಯಿತು.

ಸುದ್ದಿ ಹಬ್ಬಿದ ಕೂಡಲೇ ಊರಿನವರೆಲ್ಲ ಕೈಯಿಂದ ಹಲ್ಲು ಹಿಡಿದುಕೊಂಡರು. ಹಲ್ಲೂ ಸುಣ್ಣವೇ ತಾನೆ! ದಂತವೈದ್ಯರ ಮುಂದೆ ಮೈಲುದ್ದದ ಸಾಲು. ಬಾಯಿಯ ಜೊಲ್ಲಿನಲ್ಲಿ ಸುಣ್ಣಬಾಕ ಎರಡು ನಿಮಿಷವೂ ಬದುಕದೆಂದು ಕಸ್ತೂರಿ ಪರೀಕ್ಷೆ ಮಾಡಿ ಸಾರಿದರೂ ಯಾರೂ ಕಿವಿಗೊಡಲಿಲ್ಲ. ಅವಳ ಪ್ರಕಟಣೆಗಳ ಮೇಲೆ ಜನಕ್ಕೆ ಈಗ ನಂಬಿಕೆ ಅಷ್ಟಕ್ಕಷ್ಟೆ. ಸಮಾಧಾನದಿಂದಿದ್ದವಳು ಗೌರವ್ವ ಒಬ್ಬಳೇ. ಅವಳ ಹಲ್ಲಿನ ಸೆಟ್ಟು ಪ್ಲಾಸ್ಟಿಕ್ಕಿನದು.

ಆಮೇಲೆ ಪೈಪುಗಳು ಶುರು ಮಾಡಿದವು. ಮಂಡಳಿಯ ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಊರಿನ ನಕ್ಷೆಯಿತ್ತು. ಎಲ್ಲಿ ನೀರಿನ ಒತ್ತಡ ಕುಸಿದರೂ ಅಲ್ಲೊಂದು ಕೆಂಪು ದೀಪ ಹೊತ್ತಿಕೊಳ್ಳುತ್ತಿತ್ತು. ಬುಧವಾರ ಬೆಳಿಗ್ಗೆ ಮೂರಿದ್ದ ದೀಪ ಮಧ್ಯಾಹ್ನಕ್ಕೆ ನಲವತ್ತಾಯಿತು. ಬೆಂಡಿಗೇರಿಯವರು ನಕ್ಷೆಗೆ ಬೆನ್ನು ಹಾಕಿ ಕೂತರು.

‘ಮೇಡಂ, ನಿಮ್ಮ ಹುಳಕ್ಕ ಉಪವಾಸ ಕಲಿಸಾಕ ಆಗೂದಿಲ್ಲೇನ್ರಿ?’

‘ಬ್ಲೀಚಿಂಗ್ ಪೌಡರ್ ಹಾಕಿ ನೋಡಿದ್ವಿ ಸರ್. ಅದರಾಗ ಇರೂ ಸುಣ್ಣಾನೂ ತಿಂದ್ವು.’

‘ಅಂದ್ರ ನಾವ ಊಟ ಹಾಕಿದಂಗಾತು.’

‘ಹೌದು ಸರ್.’

ಸೋರುವ ಪೈಪುಗಳನ್ನು ಬಲ್ಲವರನ್ನು ಕರೆಸಬೇಕಾಯಿತು. ಊರಿನ ನೆಲದಡಿಯ ಒಂದೊಂದು ತಿರುವನ್ನೂ ಬಾಯಿಪಾಠ ಹೇಳಬಲ್ಲವನು ಒಬ್ಬನೇ, ಗೀಸರಿನ ಜೊತೆ ಓಣಿ ಓಣಿಯ ಪೈಪನ್ನೂ ದುರಸ್ತಿ ಮಾಡುತ್ತ ಬಂದವನು. ಚನ್ನವೀರ ಸಲಿಕೆ, ರಬ್ಬರು, ತಗಡು, ಸೈಕಲ್ ಟ್ಯೂಬು ತುಂಬಿಕೊಂಡು ಗುಂಡಿಯಿಂದ ಗುಂಡಿಗೆ ಇಳಿದು ಹತ್ತಿದ. ‘ನಾ ಹೇಳಿದ್ದೆ’ ಎಂಬ ಮಾತನ್ನು ಅವನು ಒಮ್ಮೆಯೂ ಆಡಲಿಲ್ಲ. ಅವನು ಆಡಿಬಿಟ್ಟಿದ್ದರೆ ಕಸ್ತೂರಿ ತಿರುಗಿ ಎರಡು ಮಾತು ಅಂದು ಹಗುರಾಗುತ್ತಿದ್ದಳು. ಅವನು ಕೆಸರು ಮೆತ್ತಿದ ಕಾಲಲ್ಲಿ ಬಂದು, ತಟ್ಟೆಗೆ ಬಡಿಸಿದ್ದನ್ನು ಉಂಡು, ಹೋಗುತ್ತಿದ್ದ.

ಶುಕ್ರವಾರ ಬೆಳಿಗ್ಗೆ ಅವಳು ಮಾದರಿ ಸಂಗ್ರಹಿಸಲು ಓಣಿಯುದ್ದಕ್ಕೂ ನಡೆದಳು. ಎಲ್ಲರ ಅಂಗಳವೂ ಬೋಳು. ಆದರೆ ಕೊನೆಯ ಮನೆ, ತಿಪ್ಪವ್ವನ ಮನೆಯ ಮುಂದೆ ಎಂಟೆಳೆಯ ರಂಗೋಲಿ ಗಟ್ಟಿಯಾಗಿ ಕೂತಿತ್ತು. ಕಸ್ತೂರಿ ಮಂಡಿಯೂರಿ, ಚೀಲದಿಂದ ಚಮಚ ತೆಗೆದು, ಗಾಜಿನ ಕೊಳವೆಯೊಳಗೆ ರಂಗೋಲಿ ಕೆರೆದುಕೊಳ್ಳತೊಡಗಿದಳು.

‘ಅಯ್ಯಯ್ಯ! ನಮ್ಮ ಬಾಗಿಲ ರಂಗೋಲಿ ಕೆರಕೊಂಡು ಹೊಂಟಾಳ, ಯಾರರ ಬರ್‍ರೇ!’ ತಿಪ್ಪವ್ವ ಕಸಬರಿಗೆ ಹಿಡಿದೇ ಹೊರಗೆ ಬಂದಿದ್ದಳು. ‘ನೀರಿಗೆ ಮದ್ದು ಹಾಕಿದ್ದು ಸಾಲಲಿಲ್ಲಂತ ಮನಿಗೆ ಮಾಟ ಮಾಡಾಕ ಬಂದೇನ?’

‘ತಿಪ್ಪವ್ವ, ನಾ ಕಸ್ತೂರಿ. ಮಾಟ ಅಲ್ಲವಾ, ಪರೀಕ್ಷಾ. ಎಲ್ಲಾರದೂ ಹೋಗೈತಿ, ನಿಂದ್ಯಾಕ ಉಳೀತು? ಇದರಾಗ ಏನ್ ಹಾಕಿ?’

‘ಏನರ ಹಾಕ್ತೀನಿ. ನಿನಗ್ಯಾಕ ಹೇಳ್ಲಿ?’

‘ನಿನ್ನ ಕಾಲಿಗೆ ಬೀಳ್ತೀನಿ, ಹೇಳು.’

ಎಂ.ಎಸ್ಸಿ. ಓದಿದ ಹೆಂಗಸು ಬೀದಿಯಲ್ಲಿ ಕಾಲಿಗೆ ಬೀಳುತ್ತೇನೆನ್ನುವುದನ್ನು ಓಣಿಯೆಲ್ಲ ಕೇಳಿತಲ್ಲ, ತಿಪ್ಪವ್ವನಿಗೆ ಅಷ್ಟು ಸಾಕಾಯಿತು. ಕಸಬರಿಗೆ ಇಳಿಸಿದಳು. ‘ಅರಿಸಿನ ಹಾಕ್ಯೇನವಾ. ಇರಿವಿ ಬರಬಾರದಂತ. ನಮ್ಮ ಹೊಸ್ತಿಲದಾಗ ಇರಿವಿ ಭಾಳ.’

ಪ್ರಯೋಗಾಲಯದಲ್ಲಿ ಮಧ್ಯಾಹ್ನದ ಹೊತ್ತಿಗೆ ವಿಷಯ ಖಚಿತವಾಯಿತು. ಅರಿಸಿನದೊಳಗಿನ ಎಣ್ಣೆ ಸುಣ್ಣಬಾಕದ ಮೈಪೊರೆಗೆ ಅಂಟಿ ಅದನ್ನು ತೂತು ಮಾಡುತ್ತಿತ್ತು. ಹುಳಿ ಉಗುಳುವ ಜಾತಿಗೆ ಆ ಪೊರೆ ಮೊದಲೇ ತೆಳು. ಅರ್ಧ ಗಂಟೆಯಲ್ಲಿ ತಟ್ಟೆಗೆ ತಟ್ಟೆಯೇ ಸ್ತಬ್ಧ. ಬೆಂಡಿಗೇರಿಯವರು ಲೆಕ್ಕ ಕೇಳಿ, ದಲಾಲರ ಪೇಟೆಗೆ ಲಾರಿ ಕಳಿಸಿದರು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಊರಿನ ದೊಡ್ಡ ನೀರಿನ ಟ್ಯಾಂಕಿಗೆ ನೂರಾರು ಚೀಲ ಅರಿಸಿನ ಸುರಿಯಲಾಯಿತು. ಕೆಲಸದವರು, ಲಾರಿ, ಬೆಂಡಿಗೇರಿಯವರ ಬೋಳುತಲೆ ಎಲ್ಲವೂ ಮದುವೆಯ ಹಿಂದಿನ ದಿನದಂತೆ ಹಳದಿಯಾದವು. ನೀರು ಊರೊಳಗೆ ನುಗ್ಗಿತು.

ನಕ್ಷೆಯ ಮೇಲೆ ಹೊಸ ದೀಪ ಹೊತ್ತುವುದು ನಿಂತಿತು. ಕೊಠಡಿಯಲ್ಲಿ ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಪೇಟೆ ಬೀದಿಯ ದೀಪವೊಂದು ಧಗ್ಗನೆ ಹೊತ್ತಿಕೊಂಡಿತು. ಊರಿನ ಮುಖ್ಯ ಕೊಳವೆ ಅಲ್ಲಿ ಒಡೆದಿತ್ತು. ಯಾರೋ ಫೋನಿನಲ್ಲಿ ಕಿರುಚಿದರು: ‘ಸರ್, ಚನ್ನವೀರಪ್ಪ ಗುಂಡ್ಯಾಗ ಇಳದಾರ್‍ರೀ, ಮ್ಯಾಲ ಬರವಲ್ರು. ನೀರೆಲ್ಲ ಕೆಂಪಾಗೈತಿ!’

ಕಸ್ತೂರಿ ಚಪ್ಪಲಿ ಹಾಕಿಕೊಳ್ಳಲಿಲ್ಲ. ಮಂಡಳಿಯಿಂದ ಪೇಟೆ ಬೀದಿಗೆ ಅರ್ಧ ಮೈಲು, ಓಡಿದಳು. ಬೀದಿಯ ತುಂಬ ರಕ್ತದ ಹಾಗೆ ಕೆಂಪು ನೀರು ಹರಿಯುತ್ತಿತ್ತು. ಗುಂಡಿಯ ಸುತ್ತ ಜನ. ಅವರನ್ನು ತಳ್ಳಿಕೊಂಡು ನುಗ್ಗಿ ನೋಡಿದರೆ, ಗುಂಡಿಯ ತಳದಿಂದ ನೆತ್ತಿಯಿಂದ ಪಾದದವರೆಗೆ ಕೆಂಪಾದ ಮನುಷ್ಯನೊಬ್ಬ ಏಣಿ ಹತ್ತಿ ಬರುತ್ತಿದ್ದ.

‘ರೀ!’ ಎಂದಳು. ಕೆಸರಿನಲ್ಲೇ ಕೂತು, ಅವನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನು ನೋಡಿರದ ಹಾಗೆ ಅತ್ತಳು. ‘ನಂದ ತಪ್ಪು. ನೀವು ಹೇಳಿದ್ರಿ, ನಾ ಕೇಳಲಿಲ್ಲ. ಎಲ್ಲಿ ಬಡೀತು? ದವಾಖಾನಿಗೆ ನಡೀರಿ...’

ಚನ್ನವೀರ ತನ್ನ ಅಂಗೈ ನೋಡಿಕೊಂಡ, ಮೂಸಿದ, ನಾಲಿಗೆಗೆ ಮುಟ್ಟಿಸಿದ.

‘ಇದು ರಕ್ತ ಅಲ್ಲ ಮಾರಾಯ್ತಿ. ಓಕುಳಿ.’

ಕಸ್ತೂರಿ ಅಳು ನಿಲ್ಲಿಸಿದಳು. ಹೌದಲ್ಲ! ಕೋಟ್ಯಂತರ ಸುಣ್ಣಬಾಕಗಳು ಸತ್ತು ಹೊಟ್ಟೆ ಒಡೆದು, ತಿಂದ ಸುಣ್ಣವನ್ನೆಲ್ಲ ನೀರಿಗೆ ಬಿಟ್ಟಿದ್ದವು. ಸುಣ್ಣಕ್ಕೆ ಅರಿಸಿನ ಬೆರೆತರೆ ಕೆಂಪಾಗುತ್ತದೆಂದು ಆರತಿ ತಟ್ಟೆ ಹಿಡಿದ ಎಂಟು ವರ್ಷದ ಹುಡುಗಿಗೂ ಗೊತ್ತು. ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ ಗೆದ್ದವಳಿಗೆ ಮಾತ್ರ ಹೊಳೆದಿರಲಿಲ್ಲ.

‘ಮತ್ತ ಮ್ಯಾಲ ಯಾಕ ಬರಲಿಲ್ಲ, ಕರದ್ರೂ?’

‘ಪೈಪ್ ಅಪ್ಪಿಕೊಂಡು ಕುಂತಿದ್ದೆ. ಬಿಟ್ಟಿದ್ರ ಅರ್ಧ ಪ್ಯಾಟಿ ಮುಳಗತಿತ್ತು. ಯಾರರ ಬಂದು ಕ್ಲ್ಯಾಂಪ್ ಕೊಡ್ರಿ ಅಂತ ಒದರಿದ್ರ ಎಲ್ಲಾರೂ ಸತ್ತ ಸತ್ತ ಅಂತ ಅಳಾಕತ್ತಿದ್ರು. ಕಡೀಕ ಸೈಕಲ್ ಟ್ಯೂಬ್ ಬಿಗದು ಮ್ಯಾಲ ಬಂದೆ.’

ಆ ಹೊತ್ತಿಗೆ ಊರಿನ ಪ್ರತಿ ನಲ್ಲಿಯೂ ಓಕುಳಿ ಸುರಿಯುತ್ತಿತ್ತು. ಮೊದಲ ಗಳಿಗೆಯ ಭಯ ಇಳಿದ ಮೇಲೆ, ಕುಡಿಯಲಾಗದ, ಒಗೆಯಲಾಗದ ಅಷ್ಟು ನೀರನ್ನು ಏನು ಮಾಡಬೇಕೆಂದು ಜನಕ್ಕೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಮೊದಲ ತಂಬಿಗೆ ಎರಚಿದವಳು ತಿಪ್ಪವ್ವನೆಂದು ಆಮೇಲೆ ವಿಚಾರಣೆಯಲ್ಲಿ ತಿಳಿದುಬಂತು. ಎರಡು ದಿನ ಹಿರೇಬಾವಿಯಲ್ಲಿ ಯಾರ ಮುಖವೂ ಯಾರಿಗೂ ಗುರುತು ಹತ್ತಲಿಲ್ಲ.

ಮೂರನೆಯ ದಿನ ನೀರು ತಿಳಿಯಾಯಿತು. ಗಡಸುತನ ಸಾವಿರದ ನೂರು! ಕೊಳವೆಗಳ ಸಂದುಗಳಲ್ಲಿ ಸುಣ್ಣ ಮರಳಿ ಕೂಡತೊಡಗಿತು, ಸೋರಿಕೆಗಳು ತಾವಾಗಿ ಮುಚ್ಚಿಕೊಂಡವು, ಚಹಾದ ಮೇಲೆ ಪೊರೆ ತೇಲಿತು. ಗೌರವ್ವ ಒಂದು ತಂಬಿಗೆ ಗಟಗಟ ಕುಡಿದು ತೇಗಿದಳು. ಉಳಿದವರು ಮಂಡಳಿಗೆ ಮುತ್ತಿಗೆ ಹಾಕಿದರು. ಮೆತ್ತನೆಯ ನೀರಿನ ರುಚಿ ಕಂಡ ಮೇಲೆ ಜಡೆ ಬಿಟ್ಟುಕೊಡಲು ಯಾವ ಹೆಂಗಸೂ ತಯಾರಿರಲಿಲ್ಲ.

ವಿಚಾರಣೆಯ ಸಭೆ ಸೇರಿತು. ಕಸ್ತೂರಿ ತನ್ನ ತಪ್ಪನ್ನು ಮುಚ್ಚುಮರೆಯಿಲ್ಲದೆ ಓದಿದಳು. ಹುಳಿ ಉಗುಳದ ಹಳೆಯ ತಳಿ ತನ್ನ ಬಳಿ ಇದೆಯೆಂದೂ, ಈ ಸಲ ಸ್ಟೀಲಿನ ತೊಟ್ಟಿಯಲ್ಲಿ ಸಾಕುವುದೆಂದೂ, ಅದಕ್ಕೆ ಹಸಿವಾಗದಂತೆ ನೀರಿನಲ್ಲಿ ಒಂದಿಷ್ಟು ಸುಣ್ಣವನ್ನು ಉಳಿಸಿಯೇ ಬಿಡುವುದೆಂದೂ ಹೇಳಿದಳು.

‘ಎಷ್ಟು ಉಳಸ್ತೀರಿ?’ ಎಂದರು ಬೆಂಡಿಗೇರಿಯವರು.

‘ಅದನ್ನ ನಾ ಹೇಳೂದಲ್ಲ ಸರ್. ಅವರನ್ನ ಕೇಳ್ರಿ.’ ಅವಳು ಹಿಂದಿನ ಬೆಂಚು ತೋರಿಸಿದಳು.

ಕೆಂಪು ಇನ್ನೂ ಕಿವಿಯ ಹಿಂದಿನಿಂದ ಪೂರ್ತಿ ಹೋಗಿರದ ಚನ್ನವೀರ ಎದ್ದು ನಿಂತ. ಮೈಕು ಹಿಡಿದು ಗೊತ್ತಿರಲಿಲ್ಲ. ಅದನ್ನು ಮೊದಲು ತಿರುಗಿಸಿ ಹಿಂಭಾಗ ನೋಡಿದ. ‘ಪೈಪ್ ನಿಲ್ಲಾಕ ಸುಣ್ಣ ಬೇಕ್ರಿ. ಆದ್ರ ಉಗುರಿನಷ್ಟ ಕಟ್ಟಿದ್ರ ಸಾಕು, ಕೈಯಷ್ಟ ದಪ್ಪ ಬ್ಯಾಡ. ಲೀಟರಿಗೆ ಇನ್ನೂರೈವತ್ತು ಇರ್ಲಿ. ಬ್ಯಾಳಿನೂ ಬೇಯ್ತೈತಿ, ಪೈಪೂ ಉಳೀತೈತಿ.’

ಇನ್ನೂರೈವತ್ತು ಎಂದು ಠರಾವಾಯಿತು.

ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ಕಸ್ತೂರಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇನ್ನೂರೈವತ್ತಕ್ಕೆ ಒಂದು ಗೀಸರ್ ಕಾಯಿಲ್ ಕನಿಷ್ಠ ನಾಲ್ಕು ವರ್ಷ ಬಾಳುತ್ತದೆ. ಅದು ಅವಳಿಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು.

‘ನಿಮ್ಮ ಅಂಗಡಿಗೆ ನೀವ ಕೀಲಿ ಹಾಕಿದಂಗಾತಲ್ರೀ,’ ಎಂದಳು, ಅವನ ಬೆನ್ನಿಗೆ.

‘ಆತು ಬಿಡು. ಊರಿಗೆ ಚಲೋ ಆಗ್ಲಿ.’

ಅವಳ ಕಣ್ಣು ಮಂಜಾಯಿತು. ಅವನ ಹೆಗಲ ಮೇಲೆ ಕೈಯಿಟ್ಟಳು.

‘ವಾರದಾಗ ಎರಡು ದಿನ ತಗದ್ರ ಸಾಕಾಕ್ಕೈತಿ,’ ಚನ್ನವೀರ ಉತ್ಸಾಹದಿಂದ ಮುಂದುವರಿಸಿದ. ‘ಉಳದ ಐದು ದಿನ ಮನ್ಯಾಗ ಇರ್ತೀನಿ. ನಿನ್ನ ಫ್ರಿಜ್ ಒಮ್ಮೆ ಬಿಚ್ಚಿ ನೋಡಬೇಕಂತ ಮಾಡೇನಿ. ಅಡಗಿಮನಿ ಕಟ್ಟೀನೂ ಒಡದು ಆ ಕಡೆ ಹಾಕಿದ್ರ...’

‘ಗಾಡಿ ತಿರುಗಿಸ್ರಿ,’ ಎಂದಳು ಕಸ್ತೂರಿ.

ಹಿರೇಬಾವಿ ನೀರು ಮಂಡಳಿಯ ಠರಾವು ಪುಸ್ತಕದಲ್ಲಿ ಇನ್ನೂರೈವತ್ತನ್ನು ಹೊಡೆದುಹಾಕಿ ಅದೇ ಸಂಜೆ ನಾಲ್ಕುನೂರು ಎಂದು ತಿದ್ದಿರುವುದನ್ನು ಈಗಲೂ ನೋಡಬಹುದು. ಪಕ್ಕದಲ್ಲಿ ಕಸ್ತೂರಿಯ ಸಹಿಯಿದೆ. ತಿದ್ದುಪಡಿಗೆ ಕಾರಣ ಎಂಬಲ್ಲಿ ‘ವೈಜ್ಞಾನಿಕ’ ಎಂದು ಬರೆದಿದೆ.